ಮಿಲ್ಲು ಎಂದರೆ ಏನು?

ಇಂಗ್ಲಿಷು ಭಾಷೆಯಿಂದ ನಮ್ಮ ಮನೆಗಳಿಗೆ ಬಂದು ನೆಲೆಸಿದ ಮಾತುಗಳು ನೂರಾರು. ಅವುಗಳಲ್ಲಿ ಕೆಲವು ನೆಂಟರಂತೆ ನಾಲ್ಕು ದಿನವಿದ್ದು ಹೊರಟುಹೋದುವು. ಕೆಲವು ಬಾಡಿಗೆಯವರಂತೆ ಮುಂದಿನ ಕೋಣೆಯಲ್ಲಿಯೇ ಉಳಿದುವು. ಇನ್ನು ಕೆಲವು ಅಡಿಗೆಯ ಮನೆಯವರೆಗೂ ನಡೆದುಬಂದು, ತಾವು ಹೊರಗಿನವರೆಂಬುದನ್ನು ತಾವೂ ಮರೆತು ನಮಗೂ ಮರೆಯಿಸಿದುವು. ಈ ಮೂರನೆಯ ಪಂಗಡಕ್ಕೆ ಸೇರಿದ ಒಂದು ಸಣ್ಣ ಮಾತನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದು ನಮ್ಮ ಮನಸ್ಸು. ಅದು ‘ಮಿಲ್ಲು’. ಓದುಬರಹ ಬಾರದ ಮುತ್ತಜ್ಜಿಯರೂ ಈ ಮಾತನ್ನು ಯಾರನ್ನೂ ಕೇಳದೆ ಬಳಸಿದವರೇ. ಇದು ಕನ್ನಡವಲ್ಲವೆಂದು ಅವರಿಗೆ ಹೇಳಿದ್ದರೆ, ‘ಹಾಗಾದರೆ ರಾಗಿಯೂ ಇಂಗ್ಲಿಷೇ?’ ಎಂದು ಕೇಳಿ ನಮ್ಮ ಬಾಯಿ ಮುಚ್ಚಿಸುತ್ತಿದ್ದರು.

ಈ ಮಾತಿನ ಅರ್ಥಗಳನ್ನು ನಿಘಂಟಿನಲ್ಲಿ ಹುಡುಕುವುದಕ್ಕಿಂತ ಬೆಂಗಳೂರಿನ ಬಿನ್ನಿಪೇಟೆಯಲ್ಲಿ ಹುಡುಕುವುದು ಲೇಸು. ನಗರದ ಹಳೆಯ ಪೇಟೆಗಳಿಗೆ ಪಡುವಣ ದಿಕ್ಕಿನಲ್ಲಿ, ರೈಲು ನಿಲ್ದಾಣಕ್ಕೂ ಮಾಗಡಿ ರಸ್ತೆಗೂ ಸಮೀಪವಾಗಿರುವ ಈ ಪೇಟೆಗೆ ಹೆಸರು ಬಂದುದೇ ಒಂದು ಮಿಲ್ಲಿನಿಂದ. (ಬಿನ್ನಿ ಎಂಬುದಕ್ಕೂ ನಮ್ಮ ‘ಬಿನ್ನಹ’ಕ್ಕೂ ಏನೂ ನಂಟಿಲ್ಲ, ಮದರಾಸಿನಲ್ಲಿ ವ್ಯಾಪಾರಕ್ಕೆ ನಿಂತ ಒಂದು ಬಿಳಿಯರ ಮನೆತನದ ಹೆಸರು ಅದು.) ಆ ಮಿಲ್ಲು ನಡೆಯುತ್ತಿದ್ದ ಕಾಲದಲ್ಲಿ ಈ ಬೀದಿಗಳ ಒಂದೊಂದು ಮನೆಯಲ್ಲಿಯೂ ಮಾತು ಒಂದೇ ಬೆಳಗಿನಲ್ಲಿ ಎರಡು ಅರ್ಥವನ್ನು ಕೊಡುತ್ತಿತ್ತು. ‘ಮಿಲ್ಲಿಗೆ ಹೋಗಿದ್ದಾರೆ’ ಎಂದರೆ ಯಜಮಾನರು ಪಾಳಿಯ ಕೆಲಸಕ್ಕೆ ಹೋಗಿದ್ದಾರೆ ಎಂದು. ‘ಮಿಲ್ಲಿಗೆ ಹೋಗಿದ್ದಾನೆ’ ಎಂದರೆ ಮಗ ರಾಗಿಯ ಡಬ್ಬವನ್ನು ಹೊತ್ತು ಹಿಟ್ಟು ಮಾಡಿಸಿಕೊಂಡು ಬರಲು ಹೋಗಿದ್ದಾನೆ ಎಂದು. ಕ್ರಿಯಾಪದದ ಕೊನೆಯ ಒಂದು ಅಕ್ಷರ ಗಂಡನನ್ನೂ ಮಗನನ್ನೂ, ಕಾರ್ಖಾನೆಯನ್ನೂ ಹಿಟ್ಟಿನಂಗಡಿಯನ್ನೂ ಬೇರ್ಪಡಿಸುತ್ತಿತ್ತು. ವ್ಯಾಕರಣಕ್ಕೆ ಇಂಥ ಕೆಲಸವೂ ಉಂಟೆಂದು ಶಾಲೆಯಲ್ಲಿ ನಮಗೆ ಯಾರೂ ಹೇಳಲಿಲ್ಲ.

ಇಂಗ್ಲಿಷರ ನಾಡಿನಲ್ಲಿಯೂ ಈ ಮಾತಿನ ಹುಟ್ಟು ಹಿಟ್ಟಿನಲ್ಲಿಯೇ. ಲ್ಯಾಟಿನ್ ಭಾಷೆಯಲ್ಲಿ ‘ಮೋಲಾ’ ಎಂದರೆ ಬೀಸುವ ಕಲ್ಲು. ‘ಮೋಲೆರೆ’ ಎಂದರೆ ಬೀಸುವುದು. ರೋಮನರಿಂದ ಉತ್ತರದ ಜನಗಳಿಗೆ ದಾಟಿ, ಬಾಯಿಂದ ಬಾಯಿಗೆ ಸವೆದು, ಕೊನೆಗೆ ಅದು ‘ಮಿಲ್’ ಎಂದಾಯಿತು. ದವಡೆಯ ಹಲ್ಲನ್ನು ದಂತವೈದ್ಯರು ‘ಮೋಲಾರ್’ ಎನ್ನುವುದು ಇದೇ ಕಲ್ಲಿನ ನೆನಪಿನಿಂದ. ಎಂದ ಮೇಲೆ ನಾವೆಲ್ಲರೂ ಒಂದೊಂದು ಮಿಲ್ಲನ್ನು ಬಾಯಲ್ಲಿಟ್ಟುಕೊಂಡೇ ತಿರುಗುತ್ತಿದ್ದೇವೆ. ಕಚೇರಿಯ ಕಾಗದಗಳಲ್ಲಿ ನೌಕರರ ಸಂಬಳಕ್ಕೆ ‘ಎಮಾಲ್ಯುಮೆಂಟ್ಸ್’ ಎಂದು ಬರೆಯುವುದುಂಟಷ್ಟೆ. ಅದೂ ಮೊದಲಲ್ಲಿ ಧಾನ್ಯ ಬೀಸಿಕೊಟ್ಟವನಿಗೆ ಸಲ್ಲುತ್ತಿದ್ದ ಕೂಲಿಯೇ ಎಂದು ಶಬ್ದಶಾಸ್ತ್ರಜ್ಞರು ಹೇಳುತ್ತಾರೆ. ‘ಮಿಲ್ಲರ್’ ಎಂಬ ಮನೆತನದ ಹೆಸರಿಗೆ ಹಿಟ್ಟಿನ ಮಿಲ್ಲಿನವನೆಂದೇ ಅರ್ಥ. ಮೈಸೂರು ಸಂಸ್ಥಾನದಲ್ಲಿ ಹಿಂದುಳಿದ ವರ್ಗಗಳಿಗೆ ಸರಕಾರಿ ಕೆಲಸಗಳಲ್ಲಿ ಸಲ್ಲಬೇಕಾದ ಪಾಲನ್ನು ವಿಚಾರಿಸಲು ೧೯೧೮ರಲ್ಲಿ ನೇಮಕವಾದ ಸಮಿತಿಗೆ ಅಧ್ಯಕ್ಷರಾಗಿದ್ದವರು ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್ ಅವರು. ಆ ವರದಿಯನ್ನು ಓದುವವರಾರಿಗೂ ಅಧ್ಯಕ್ಷರ ಹೆಸರಿನಲ್ಲಿ ಬೀಸುವ ಕಲ್ಲಿನ ಸದ್ದು ಕೇಳಿಸಿರಲಾರದು.

ಹಿಟ್ಟಿನ ಮಾತು ಬಟ್ಟೆಗೆ ಅಂಟಿದ್ದು ಹೇಗೆಂಬುದು ತಿಳಿಯತಕ್ಕ ವಿಷಯ. ಇಂಗ್ಲೆಂಡಿನಲ್ಲಿ ಹಳ್ಳಕೊಳ್ಳಗಳ ನೀರಿನಿಂದ ಚಕ್ರವನ್ನು ತಿರುಗಿಸಿ, ಆ ಚಕ್ರದಿಂದ ಕಲ್ಲನ್ನು ತಿರುಗಿಸಿ ಗೋದಿ ಬೀಸುವ ಪದ್ಧತಿ ಬಹು ಹಳೆಯದು. ೧೦೮೬ರಲ್ಲಿ ವಿಲಿಯಂ ದೊರೆ ಮಾಡಿಸಿದ ಡೂಮ್ಸ್‌ಡೇ ಲೆಕ್ಕದ ಪುಸ್ತಕದಲ್ಲಿ ಇಂಥ ಮಿಲ್ಲುಗಳು ೬,೦೦೦ದ ಸಮೀಪ ದಾಖಲಾಗಿವೆ. ಮುಂದೆ ಜಾಣರು ಅದೇ ಚಕ್ರಕ್ಕೆ ಕಲ್ಲಿನ ಬದಲು ಸುತ್ತಿಗೆಗಳನ್ನು ಹೂಡಿ ಉಣ್ಣೆಯ ಬಟ್ಟೆಯನ್ನು ಕುಟ್ಟಿ ಬಿಗಿಮಾಡಿದರು. ಗರಗಸವನ್ನು ಹೂಡಿ ಮರ ಕೊಯ್ದರು. ೧೭೭೧ರಲ್ಲಿ ರಿಚರ್ಡ್ ಆರ್ಕ್‌ರೈಟ್ ಎಂಬಾತನು ಕ್ರಾಮ್‌ಫರ್ಡ್ ಎಂಬ ಊರಿನಲ್ಲಿ ಹತ್ತಿಯ ನೂಲನ್ನು ತೆಗೆಯುವ ಯಂತ್ರಗಳನ್ನೇ ನೀರಿನ ಚಕ್ರಕ್ಕೆ ಹೂಡುವ ಕಾರ್ಯಕ್ಕೆ ತೊಡಗಿದನು. ಜನರು ಅದನ್ನೂ ಮಿಲ್ಲೆಂದೇ ಕರೆದರು. ಕಲ್ಲು ಹೋಯಿತು, ಹಿಟ್ಟು ಹೋಯಿತು, ಚಕ್ರ ಉಳಿಯಿತು. ಚಕ್ರದೊಡನೆ ಹೆಸರೂ ಉಳಿಯಿತು. ಅನಂತರ ಉಗಿಯ ಎಂಜಿನು ಬಂದು ಚಕ್ರವೂ ಹೋಯಿತು; ಹೆಸರು ಮಾತ್ರ ಹೋಗಲಿಲ್ಲ. ನಮ್ಮ ನಾಡಿನಲ್ಲಿ ಈ ಮಾತಿನ ಮೂಲವನ್ನು ಕಣ್ಣಾರೆ ಕಾಣಬೇಕೆನ್ನುವವರು ಗೋಕಾಕಕ್ಕೆ ಹೋಗಬೇಕು. ಅಲ್ಲಿ ಘಟಪ್ರಭೆಯು ಬಂಡೆಯ ಮೇಲಿಂದ ಧುಮುಕುವ ಸ್ಥಳದಲ್ಲಿಯೇ, ನೀರಿನ ಬಲವನ್ನು ನಂಬಿ, ೧೮೮೦ರ ದಶಕದಲ್ಲಿ ಹತ್ತಿಯ ಮಿಲ್ಲನ್ನು ಕಟ್ಟಿದರು.

ಇನ್ನು ಕನ್ನಡದ ಕಡೆಗೆ ಬರೋಣ. ಇಂಗ್ಲಿಷಿಗೆ ಒಂದೇ ಮಾತು ಸಾಕಾದ ಕಡೆ ನಮ್ಮವರಿಗೆ ಹತ್ತು ಮಾತುಗಳು ಇದ್ದುವು. ರಾಗಿ ಜೋಳಗಳನ್ನು ಬೀಸುವುದು, ಭತ್ತವನ್ನು ಕುಟ್ಟುವುದು, ನೆನೆಸಿದ ಅಕ್ಕಿಯನ್ನು ರುಬ್ಬುವುದು, ಮಸಾಲೆಯನ್ನು ಅರೆಯುವುದು, ಎಳ್ಳನ್ನು ಗಾಣವಾಡಿಸುವುದು, ಕಬ್ಬನ್ನು ಆಲೆಯಲ್ಲಿ ಹಿಂಡುವುದು, ಮರವನ್ನು ಕೊಯ್ಯುವುದು, ಹತ್ತಿಯನ್ನು ನೂಲುವುದು, ನೂಲನ್ನು ನೇಯುವುದು. ಒಂದೊಂದು ಕ್ರಿಯೆಗೆ ಒಂದೊಂದು ಕಲ್ಲು, ಒಂದೊಂದು ಒನಕೆ, ಕೈಗೆ ಒಂದೊಂದು ಬಗೆಯ ತಿರುವು, ಒಂದೊಂದು ಕಸುಬಿನ ಜನ. ಬೀಸುವುದನ್ನು ಕುಟ್ಟುವುದೆಂದರೆ ಮನೆಯ ಹಿರಿಯರು ನಗುತ್ತಿದ್ದರು. ‘ಮಿಲ್ಲು’ ಎಂಬ ಮಾತು ಬಂದು ಈ ಎಲ್ಲ ಕ್ರಿಯಾಪದಗಳ ಮೇಲೆ ಒಂದೇ ಮಾಡನ್ನು ಹೊದಿಸಿತು: ಹಿಟ್ಟಿನ ಮಿಲ್ಲು, ಅಕ್ಕಿಯ ಮಿಲ್ಲು, ಎಣ್ಣೆಯ ಮಿಲ್ಲು, ಬಟ್ಟೆಯ ಮಿಲ್ಲು. ಕಾಗದಕ್ಕೂ ಅದೇ, ಭದ್ರಾವತಿಯಲ್ಲಿ ೧೯೩೬ರಲ್ಲಿ ಸ್ಥಾಪಿತವಾದ ಮೈಸೂರು ಪೇಪರ್ ಮಿಲ್ಲಿನ ಹಾಳೆಯ ಮೇಲೆ ಅಕ್ಷರ ತಿದ್ದಿದವರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ಮಲೆನಾಡಿನಲ್ಲಿ ಮರ ಕೊಯ್ಯುವ ಕಡೆಯನ್ನು ‘ಸಾಮಿಲ್ಲು’ ಎನ್ನುವರು. ಅದರ ಮೊದಲ ಅಕ್ಷರ ಇಂಗ್ಲಿಷಿನ ಗರಗಸವೆಂಬುದನ್ನು ಅಲ್ಲಿ ಕೆಲಸ ಮಾಡುವವರೂ ಯೋಚಿಸುವುದಿಲ್ಲ. ಕರಾವಳಿಯಲ್ಲಿ ಬರಿದೆ ಮಿಲ್ಲೆಂದರೆ ಕುಚ್ಚಲಕ್ಕಿಯ ಮಿಲ್ಲು. ಹುಬ್ಬಳ್ಳಿ ಬೆಳಗಾವಿಗಳ ಕಡೆ ಮಾತ್ರ ನಮ್ಮ ಸೋದರರು ಈ ಮಾತಿಗೆ ಬಾಗಿಲು ತೆರೆಯದೆ ‘ಗಿರಣಿ’ ಎಂಬುದನ್ನೇ ಉಳಿಸಿಕೊಂಡರು. ಹಿಟ್ಟಿಗೂ ಗಿರಣಿ, ನೂಲಿಗೂ ಗಿರಣಿ, ಕೂಲಿಕಾರರ ಸಾಲುಮನೆಗಳಿಗೆ ಗಿರಣಿ ಚಾಳ. ಗಿರಣಿ ಎಂಬುದು ಹೆಚ್ಚು ಸೊಗಸಾದ ಮಾತೆಂದು ನಮ್ಮ ಅಭಿಪ್ರಾಯ. ಆದರೆ ಬೆಂಗಳೂರಿನ ಅಂಗಳದಲ್ಲಿ ನಿಂತು ಅದನ್ನು ಹೇಳಿದರೆ ಪುಸ್ತಕದ ವಾಸನೆ ಹೊಡೆಯುತ್ತದೆ.

ಈ ಮಾತಿನೊಡನೆ ನಮ್ಮ ಹೆಂಗಸರ ಬಾಳಿನಲ್ಲಿ ಆದ ಬದಲಾವಣೆ ಸಣ್ಣದಲ್ಲ. ಕೋಳಿ ಕೂಗುವ ಮುನ್ನವೇ ಎದ್ದು, ಕಾಲನ್ನು ನೀಡಿ ಕೂತು, ಮನೆಮಂದಿಗೆಲ್ಲ ಆ ದಿನಕ್ಕೆ ಬೇಕಾದ ಹಿಟ್ಟನ್ನು ಬೀಸಿ ಮುಗಿಸುವುದು ಸೊಸೆಯಂದಿರ ಪಾಲಿನ ಮೊದಲ ಕೆಲಸವಾಗಿತ್ತು. ಬಾಣಂತಿತನದ ಮೂರು ತಿಂಗಳು ಬಿಟ್ಟರೆ ಅದಕ್ಕೆ ರಜವೆಂಬುದಿಲ್ಲ. ಆ ಕಲ್ಲಿನ ಸುತ್ತಿನೊಡನೆ ಹುಟ್ಟಿದ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು ಸಂಗ್ರಹಿಸಿ ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಪ್ರಕಟಿಸಿದರು. ಹಿಟ್ಟಿನ ಮಿಲ್ಲು ಬಂದು ಆ ಹಾಡುಗಳನ್ನು ಕೊಂದಿತೆಂದು ಮರುಗುವ ಪಂಡಿತರುಂಟು. ಮರುಗುವವರಲ್ಲಿ ಒಮ್ಮೆಯಾದರೂ ಬೆಳಗಿನ ಜಾವದಲ್ಲಿ ನಾಲ್ಕು ಸೇರು ರಾಗಿಯನ್ನು ಬೀಸಿದವರು ಎಷ್ಟು ಮಂದಿಯೋ ನಾವರಿಯೆವು. ಅಂಗೈಯ ಬೊಕ್ಕೆಗಳು ಮಾಯ್ದುವೆಂಬುದಕ್ಕಾಗಿ ಹಾಡನ್ನು ಬಿಟ್ಟುಕೊಟ್ಟ ತಾಯಂದಿರನ್ನು ನಾವು ದೂರಲಾರೆವು. ಹಾಡು ಪುಸ್ತಕದಲ್ಲಿ ಉಳಿಯಿತು. ನಿದ್ದೆ ಅವರಿಗೆ ಉಳಿಯಿತು.

ಆದರೆ ಭಾಷೆಯಲ್ಲಿ ಆದ ಒಂದು ಮಾರ್ಪಾಡನ್ನು ಮಾತ್ರ ಇಲ್ಲಿ ಗುರುತಿಸಬೇಕು. ಮೊದಲು ‘ರಾಗಿ ಬೀಸಿದೆ’ ಎನ್ನುತ್ತಿದ್ದವರು ಈಗ ‘ರಾಗಿ ಮಿಲ್ ಮಾಡಿಸಿದೆ’ ಎನ್ನುತ್ತಾರೆ. ಮಾಡುವುದು ಹೋಗಿ ಮಾಡಿಸುವುದು ಬಂದಿತು. ಮಿಲ್ಲು ಬಂದಲ್ಲೆಲ್ಲ ಈ ‘ಇಸು’ ಪ್ರತ್ಯಯವು ಅದರ ಹಿಂದೆಯೇ ಬಂದಿತೆಂದು ತೋರುತ್ತದೆ: ಎಣ್ಣೆ ತೆಗೆಸುವುದು, ಭತ್ತ ಮಾಡಿಸುವುದು, ಮರ ಕೊಯ್ಯಿಸುವುದು. ಮಾಡಿಸುವವರು ಹೆಚ್ಚಿದಂತೆ, ಎಲ್ಲೋ ಒಂದು ಗೋಡೆಯ ಆಚೆ ನಿಂತು ಮಾಡುವವರು ಬೇಕಾದರು. ಆ ಗೋಡೆಯ ಆಚೆಯವರ ಊರೇ ಬಿನ್ನಿಪೇಟೆ.

ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂಬ ಉದ್ದ ಹೆಸರಿನ ಸಂಸ್ಥೆ ೧೮೮೪ರ ಸುಮಾರಿಗೆ ಹುಟ್ಟಿತು; ಮದರಾಸಿನ ಬಿನ್ನಿ ಕಂಪನಿಯವರು ಅದರ ಆಡಳಿತವನ್ನು ವಹಿಸಿಕೊಂಡರು. ಉಣ್ಣೆ, ಹತ್ತಿ, ರೇಷ್ಮೆ ಮೂರನ್ನೂ ಒಂದೇ ಆವರಣದಲ್ಲಿ ನೇಯ್ದ ಈ ಮಿಲ್ಲಿನ ಉದ್ದ ಹೆಸರನ್ನು ಹೇಳುವಷ್ಟು ಉಸಿರು ಯಾರಿಗಿತ್ತು? ಅದು ‘ಬಿನ್ನಿ ಮಿಲ್ಲು’ ಆಯಿತು. ಪೇಟೆಯೊಳಗಿನವರಿಗೆ ಅಷ್ಟೂ ಬೇಡ, ಬರಿಯ ‘ಮಿಲ್ಲು’. ಅಲ್ಲಿಯ ಕಂಬಳಿ, ಖಾಕಿ, ಶಾಲೆಯ ಮಕ್ಕಳ ಸಮವಸ್ತ್ರದ ಬಟ್ಟೆ ನಾಡಿನ ಮೂಲೆಮೂಲೆಗಳಿಗೆ ಹೋದುವು. ‘ಬಿನ್ನಿ ಸಿಲ್ಕ್’ ಸೀರೆಗೆ ಒಂದು ಕಾಲದಲ್ಲಿ ಎಷ್ಟು ಮಾನವಿತ್ತೆಂಬುದನ್ನು ಅದನ್ನುಟ್ಟ ಅತ್ತೆ ಅಜ್ಜಿಯರನ್ನೇ ಕೇಳಿ ತಿಳಿಯಬೇಕು. ಕೆಲವರ ಪೆಟ್ಟಿಗೆಯ ತಳದಲ್ಲಿ ಅದು ಇಂದಿಗೂ ಇದ್ದೀತು. ಕನ್ನಡಿಗರು, ತಮಿಳರು, ತೆಲುಗರು, ಉರ್ದು ನುಡಿಯುವವರು ಅಕ್ಕಪಕ್ಕದಲ್ಲಿ ಬಾಳುವ ಈ ಬೀದಿಗಳಲ್ಲಿ ಅನ್ನಕ್ಕೆ ನಾಲ್ಕು ಹೆಸರಿದ್ದರೂ ಅನ್ನ ಕೊಡುವ ಸ್ಥಳಕ್ಕೆ ಹೆಸರು ಒಂದೇ ಆಗಿತ್ತು.

ಹೀಗೆ ಬಳಕೆಗೊಂಡ ಮಾತು ಅಲ್ಲಿಗೆ ನಿಲ್ಲಲಿಲ್ಲ. ಮಿಲ್ಲು ಹೊತ್ತಿನ ಹೆಸರಾಯಿತು. ‘ಮಿಲ್ ಕೂಗಿತು’ ಎಂದರೆ ಒಲೆ ಹೊತ್ತಿಸುವ ಹೊತ್ತಾಯಿತು, ಬುತ್ತಿ ಕಟ್ಟುವ ಹೊತ್ತಾಯಿತು ಎಂದು. ಗಡಿಯಾರವಿಲ್ಲದ ಮನೆಗಳಿಗೆ ಆ ಕೂಗೇ ಗಡಿಯಾರ. ಮಿಲ್ಲು ಜಾತಿಯ ಹೆಸರೂ ಆಯಿತು ಎಂದರೆ ಉತ್ಪ್ರೇಕ್ಷೆಯಲ್ಲ: ‘ಅವರು ಮಿಲ್ಲಿನವರು’ ಎಂಬ ಒಂದು ಮಾತಿನಲ್ಲಿ ಊರು, ಭಾಷೆ, ಕುಲಗಳೆಲ್ಲ ಅಡಗಿ ಹೋಗುತ್ತಿದ್ದುವು. ಮದುವೆಯ ಮಾತುಕತೆಯಲ್ಲಿ ‘ಹುಡುಗನಿಗೆ ಮಿಲ್ಲು’ ಎಂದರೆ ತಿಂಗಳಿಗೊಮ್ಮೆ ತಪ್ಪದೆ ಬರುವ ಸಂಬಳವೆಂದು ಹೆಣ್ಣಿನ ತಂದೆಗೆ ಅರ್ಥವಾಗುತ್ತಿತ್ತು. ಇಂಗ್ಲಿಷಿನಲ್ಲಿ ಜನಜಂಗುಳಿಯು ನಿಂತಲ್ಲೇ ಸುತ್ತುವುದಕ್ಕೂ ಇದೇ ಮಾತನ್ನು ಕ್ರಿಯಾಪದವಾಗಿ ಬಳಸುವರು. ಒಂದು ಪಾಳಿ ಬಿಟ್ಟು ಇನ್ನೊಂದು ಪಾಳಿ ಒಳಹೋಗುವ ವೇಳೆಯಲ್ಲಿ ಮಿಲ್ಲಿನ ಬಾಗಿಲನ್ನು ನೋಡಿದವರಿಗೆ ಆ ಅರ್ಥವನ್ನು ವಿವರಿಸಬೇಕಾದದ್ದಿಲ್ಲ.

ಸಂಬಳ ಕೊಡುವ ಮಿಲ್ಲು ಅರೆಯುವುದನ್ನೂ ಬಲ್ಲದು. ‘ಮಿಲ್ಲಿನೊಳಗಿಂದ ಹಾದು ಬಂದವನು’ ಎಂದರೆ ಇಂಗ್ಲಿಷರಲ್ಲಿ ಕಷ್ಟದಲ್ಲಿ ನುರಿದವನೆಂದು ಅರ್ಥ. ಬಿನ್ನಿ ಕಂಪನಿಯವರದೇ ಆದ ಮದರಾಸಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಮಿಲ್ಲುಗಳ ಕೆಲಸಗಾರರ ನಡುವೆ ೧೯೧೮ರಲ್ಲಿ ಮದರಾಸ್ ಲೇಬರ್ ಯೂನಿಯನ್ ಹುಟ್ಟಿತು. ಭಾರತದ ಮೊದಲ ವ್ಯವಸ್ಥಿತ ಕಾರ್ಮಿಕ ಸಂಘವೆಂದು ಅದನ್ನು ಹೇಳುವರು. ಬೆಂಗಳೂರಿನಲ್ಲಿಯೂ ಸಂಘಗಳಾದುವು, ಮುಷ್ಕರಗಳಾದುವು. ೧೯೪೨ರ ಆಗಸ್ಟಿನಲ್ಲಿ ಗಾಂಧೀಜಿಯವರ ಬಂಧನವಾದ ಸುದ್ದಿ ಬಂದಾಗ ಇಲ್ಲಿಯ ಮಿಲ್ಲುಗಳ ಕೆಲಸಗಾರರು ಯಂತ್ರಗಳನ್ನು ಬಿಟ್ಟು ಬೀದಿಗೆ ಬಂದರು. ಅಂದು ಕೂಗಿದ್ದು ಮಿಲ್ಲಲ್ಲ.

ಗಾಂಧೀಜಿಯವರ ಹೆಸರು ಬಂದುದರಿಂದ ಇನ್ನೊಂದು ಅರ್ಥವನ್ನು ಹೇಳಲೇಬೇಕು. ಖಾದಿಯ ಚಳವಳಿಯ ಕಾಲದಲ್ಲಿ ‘ಮಿಲ್ ಬಟ್ಟೆ’ ಎಂಬುದಕ್ಕೆ ಬಟ್ಟೆಗಿಂತ ಹೆಚ್ಚಾಗಿ ಒಂದು ಬಗೆಯ ಮನಃಸ್ಥಿತಿಯೆಂದು ಅರ್ಥವಿತ್ತು. ಹಿಂದ್ ಸ್ವರಾಜ್ ಗ್ರಂಥದಲ್ಲಿ, ೧೯೦೯ರಷ್ಟು ಹಿಂದೆಯೇ, ಗಾಂಧೀಜಿಯವರು ಮಿಲ್ಲುಗಳ ವಿಷಯವಾಗಿ ತಮ್ಮ ಅಸಮಾಧಾನವನ್ನು ಬರೆದಿದ್ದರು. ೧೯೨೭ರಲ್ಲಿ ಅವರು ಮೈಸೂರು ಸೀಮೆಗೆ ಬಂದು ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರವನ್ನು ಕಂಡರು. ಅಲ್ಲಿ ಚರಕ, ಇಲ್ಲಿ ಬಿನ್ನಿಪೇಟೆಯಲ್ಲಿ ಸಾವಿರಾರು ಕದಿರು. ಎರಡರಲ್ಲಿಯೂ ಬಡವರ ಬೆರಳುಗಳೇ ದುಡಿದುವು. ಖಾದಿಯನ್ನು ಉಟ್ಟವರಿಗೆ ಮಿಲ್ಲು ಬೇಡವಾದ ಮಾತು. ಮಿಲ್ಲಿನ ಕೂಲಿಯಿಂದ ಮಕ್ಕಳನ್ನು ಓದಿಸಿದವರಿಗೆ ಅದು ಕೈ ಮುಗಿಯುವ ಮಾತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕೈನೂಲಿನಿಂದ ರಾಷ್ಟ್ರಧ್ವಜವನ್ನು ತಯಾರಿಸುವವರಿಗೆ ಈ ವಾದ ಇನ್ನೂ ಹಳೆಯದಾಗಿಲ್ಲ. ೨೦೨೧ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದ ಬಟ್ಟೆಯ ಧ್ವಜಕ್ಕೂ ಒಪ್ಪಿಗೆ ಕೊಟ್ಟಾಗ ಅವರು ಮಾಡಿದ ಆಕ್ಷೇಪಣೆಯನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು.

ಬಿನ್ನಿಪೇಟೆಯ ಮಗ್ಗುಲಲ್ಲೇ, ಗೋಪಾಲಪುರದ ಕಡೆ, ಇನ್ನೊಂದು ಹತ್ತಿಯ ಮಿಲ್ಲಿತ್ತು. ಅದರ ಹೆಸರು ಮಿನರ್ವ. ಮಿನರ್ವಾ ರೋಮನರ ವಿದ್ಯಾದೇವತೆ. ನೇಯ್ಗೆಯೂ ಆಕೆಯ ವಿದ್ಯೆಗಳಲ್ಲಿ ಒಂದು. ಬಟ್ಟೆಯ ಮಿಲ್ಲಿಗೆ ಇದಕ್ಕಿಂತ ಒಪ್ಪುವ ಹೆಸರನ್ನು ಯಾರೂ ಇಡಲಾರರು. ಈ ಮಿಲ್ಲಿನ ಆಡಳಿತವನ್ನು ಕೇಂದ್ರ ಸರಕಾರವು ೧೯೭೧ರಲ್ಲಿ ಕೈಗೆ ತೆಗೆದುಕೊಂಡು, ೧೯೭೪ರ ಕಾನೂನಿನಿಂದ ರಾಷ್ಟ್ರೀಕರಿಸಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಅವರ ವಕೀಲರಾದ ನಾನಿ ಪಾಲ್ಕಿವಾಲಾ ಅವರು ಮಿಲ್ಲಿನ ವಿಚಾರವನ್ನು ಹಿಂದಕ್ಕೆ ಸರಿಸಿ, ೧೯೭೬ರ ನಾಲ್ವತ್ತೆರಡನೆಯ ತಿದ್ದುಪಡಿಯನ್ನೇ ಮುಂದಿಟ್ಟು ವಾದಿಸಿದರು. ಸಂವಿಧಾನವನ್ನು ಎಷ್ಟು ಬೇಕಾದರೂ ಹೇಗೆ ಬೇಕಾದರೂ ತಿದ್ದುವ ಅಧಿಕಾರ ಪಾರ್ಲಿಮೆಂಟಿಗಿದೆ, ಅದನ್ನು 어ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದು ಎಂಬುದು ಆ ತಿದ್ದುಪಡಿಯ ಒಂದು ಭಾಗವಾಗಿತ್ತು. ೧೯೮೦ರಲ್ಲಿ ನ್ಯಾಯಾಲಯವು ಆ ಭಾಗವನ್ನು ತೆಗೆದುಹಾಕಿತು: ಮಿತವಾದ ಅಧಿಕಾರವನ್ನು ಪಡೆದವರು ಆ ಅಧಿಕಾರದಿಂದಲೇ ತಮ್ಮ ಮಿತಿಯನ್ನು ಅಳಿಸಿಕೊಳ್ಳಲಾಗದೆಂದು ತೀರ್ಪಿನ ಸಾರ.

ಅಂದಿನಿಂದ ದೇಶದ ಯಾವ ಕಾನೂನು ಕಾಲೇಜಿನಲ್ಲಿಯೇ ಆಗಲಿ ‘ಮಿನರ್ವ ಮಿಲ್ಸ್’ ಎಂದರೆ ಬಟ್ಟೆಯಲ್ಲ, ಹೊಗೆಯ ಕೊಳವೆಯಲ್ಲ. ಸಂವಿಧಾನದ ಮೂಲರಚನೆಯನ್ನು ಯಾರೂ ಕೆಡಿಸಬಾರದೆಂಬ ತತ್ತ್ವ. ದೂರದ ಊರುಗಳ ವಿದ್ಯಾರ್ಥಿಗಳು ಈ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಅದು ಬೆಂಗಳೂರಿನಲ್ಲಿ ನೂಲು ತೆಗೆಯುತ್ತಿದ್ದ ಒಂದು ಕಟ್ಟಡವೆಂಬುದು ಅವರಲ್ಲಿ ಹಲವರಿಗೆ ತಿಳಿದಿರಲಿಕ್ಕಿಲ್ಲ. ಬೀಸುವ ಕಲ್ಲಿನಿಂದ ಹೊರಟ ಮಾತು ಹೀಗೆ ಸಂವಿಧಾನದ ಕಾವಲಿನವರೆಗೂ ಬಂದಿತು. ಇಷ್ಟಾದರೂ ಮಿಲ್ಲು ಮಾಲೀಕರಿಗೆ ಮರಳಿ ಬರಲಿಲ್ಲ. ರಾಷ್ಟ್ರೀಕರಣದ ಕಾನೂನು ಸರಿಯೆಂದೇ ೧೯೮೬ರಲ್ಲಿ ಅದೇ ನ್ಯಾಯಾಲಯ ಹೇಳಿತು. ತತ್ತ್ವವು ಗೆದ್ದಿತು, ಮಿಲ್ಲು ಸೋತಿತು ಎನ್ನಬಹುದು.

ಆಮೇಲೆ ನಡೆದುದು ಎಲ್ಲರೂ ಬಲ್ಲ ಸಂಗತಿ. ಹಳೆಯ ಯಂತ್ರಗಳು, ಮಗ್ಗದ ಪೈಪೋಟಿ, ಸಾಲ, ಜಗಳಗಳ ನಡುವೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಮಿಲ್ಲುಗಳು ಕುಂಟಿಕೊಂಡು ನಡೆದು, ಒಂದೊಂದಾಗಿ ನಿಂತುಹೋದುವು. ‘ಮಿಲ್ಲು ಮುಚ್ಚಿತು’ ಎಂಬ ಎರಡು ಶಬ್ದಗಳನ್ನು ವಾಚಕರು ಒಮ್ಮೆ ಕಿವಿಗೊಟ್ಟು ಕೇಳಬೇಕು. ಹಿಟ್ಟಿನ ಮಿಲ್ಲಿನ ಮುಂದೆ ಅದನ್ನು ಹೇಳಿದರೆ ಕರೆಂಟು ಹೋಗಿದೆ, ಸಂಜೆಗೆ ಬನ್ನಿ ಎಂದರ್ಥ. ಬಿನ್ನಿಪೇಟೆಯ ಮನೆಯೊಳಗೆ ಅದನ್ನು ಹೇಳಿದಾಗ ಸಂಜೆಗೆ ಬರುವ ಮಾತೇ ಇರಲಿಲ್ಲ. ನಾಲ್ವತ್ತೈದು ವಯಸ್ಸಿನ, ಮಗ್ಗದ ಮುಂದೆ ನಿಂತು ಕಿವಿ ಮಂದವಾದ ಮನುಷ್ಯನಿಗೆ ಬೇರೆ ಕಸುಬನ್ನು ಕಲಿಸುವವರಾರು? ಕೆಲವರು ಕಾವಲುಗಾರರಾದರು, ಕೆಲವರು ಬೀದಿಯಲ್ಲಿ ತರಕಾರಿ ಮಾರಿದರು, ಕೆಲವು ಮನೆಗಳಲ್ಲಿ ಗಂಡಸರು ಕೂತು ಹೆಂಗಸರು ಗಾರ್ಮೆಂಟ್ಸಿಗೆ ಹೊರಟರು. ಈ ‘ಗಾರ್ಮೆಂಟ್ಸು’ ಎಂಬುದು ಮಿಲ್ಲಿನ ಸ್ಥಾನಕ್ಕೆ ಬಂದ ಹೊಸ ಮಾತು. ಅದರ ಕಥೆ ಬೇರೆ, ಇನ್ನೊಂದು ತಿಂಗಳಿಗಿರಲಿ.

ಮಿಲ್ಲು ಹೋದ ನೆಲದಲ್ಲಿ ಏನು ಬಂದಿತು? ಬಿನ್ನಿಯ ನೆಲದಲ್ಲಿ ಮುಗಿಲೆತ್ತರದ ವಾಸದ ಕಟ್ಟಡಗಳೂ ಒಂದು ಮಾಲೂ ಬಂದುವು. ಮಲ್ಲೇಶ್ವರದ ತಪ್ಪಲಲ್ಲಿದ್ದ ರಾಜಾ ಮಿಲ್ಲಿನ ನೆಲದಲ್ಲಿ ೨೦೧೦ರಲ್ಲಿ ಮಂತ್ರಿ ಮಾಲ್ ತೆರೆಯಿತು. ಮಿನರ್ವದ ನೆಲದಲ್ಲಿ ೨೦೨೧ರಲ್ಲಿ ಲುಲು ಮಾಲ್ ತೆರೆಯಿತು. ಮಿಲ್ಲು ಮಾಲ್ ಆಗಲು ಒಂದು ಸ್ವರ ಬದಲಾದರೆ ಸಾಕೆಂದು ಪರಿಹಾಸ ಮಾಡುವವರುಂಟು. ಆ ಪರಿಹಾಸದಲ್ಲಿ ಅವರು ತಿಳಿದಿದ್ದಕ್ಕಿಂತ ಹೆಚ್ಚು ನಿಜವಿದೆ. ‘ಮಾಲ್’ ಎಂಬುದು ಮರದ ಸುತ್ತಿಗೆಯಿಂದ ಚೆಂಡನ್ನು ಹೊಡೆಯುವ ಇಟಲಿಯ ಒಂದು ಹಳೆಯ ಆಟದ ಹೆಸರಿನಿಂದ ಹುಟ್ಟಿದ್ದು. ಲಂಡನ್ನಿನಲ್ಲಿ ಆ ಆಟವಾಡುತ್ತಿದ್ದ ಸಾಲುಮರದ ದಾರಿಗೆ ಮಾಲ್ ಎಂದು ಹೆಸರಾಯಿತು. ಅಲ್ಲಿಂದ ಗಾಳಿ ಸೇವಿಸುವ ದಾರಿಗಳಿಗೆಲ್ಲ, ನಮ್ಮ ಸಿಮ್ಲಾದ ಮಾಲ್ ರಸ್ತೆಗೂ. ಕೊನೆಗೆ ಅಂಗಡಿಗಳ ಅರಮನೆಗೆ. ಆ ಸುತ್ತಿಗೆಯ ಲ್ಯಾಟಿನ್ ಹೆಸರನ್ನೂ ಬೀಸುವ ಕಲ್ಲಿನ ಹೆಸರನ್ನೂ ‘ನುರಿಸು, ಪುಡಿಮಾಡು’ ಎಂಬ ಅರ್ಥದ ಒಂದೇ ಪ್ರಾಚೀನ ಧಾತುವಿಗೆ ಶಬ್ದಶಾಸ್ತ್ರಜ್ಞರು ಸೇರಿಸುತ್ತಾರೆ. ಮಿಲ್ಲೂ ಮಾಲೂ ದಾಯಾದಿಗಳು. ಆಸ್ತಿ ಮಾತ್ರ ಈಗ ಒಬ್ಬರ ಕೈಯಲ್ಲಿದೆ. ಮುಂಬಯಿಯ ಫೀನಿಕ್ಸ್ ಮಿಲ್ಸ್ ಎಂಬುದು ೧೯೦೫ರಲ್ಲಿ ಹತ್ತಿಯ ಗಿರಣಿಯಾಗಿ ಹುಟ್ಟಿದ ಕಂಪನಿ. ಇಂದು ಅದು ನೂಲುವುದಿಲ್ಲ, ನೇಯುವುದಿಲ್ಲ, ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಮಾಲ್‌ಗಳನ್ನು ನಡೆಸುತ್ತದೆ. ಹೆಸರು ಮಾತ್ರ ಇನ್ನೂ ಫೀನಿಕ್ಸ್ ಮಿಲ್ಸ್.

ಈ ಹೊಸ ಕಟ್ಟಡಗಳಲ್ಲಿ ‘ಟ್ರೆಡ್‌ಮಿಲ್’ ಎಂಬ ಯಂತ್ರವನ್ನಿಟ್ಟಿರುವ ವ್ಯಾಯಾಮಶಾಲೆಗಳುಂಟು. ಇದ್ದಲ್ಲಿಯೇ ನಡೆದು ಬೆವರು ಸುರಿಸುವ ಈ ಸಾಧನದ ಹೆಸರು ಇಂಗ್ಲೆಂಡಿನ ಸೆರೆಮನೆಗಳಿಂದ ಬಂದದ್ದು. ೧೮೧೮ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರನು ಕೈದಿಗಳು ಮೆಟ್ಟಿ ತಿರುಗಿಸುವ ದೊಡ್ಡ ಚಕ್ರವೊಂದನ್ನು ರಚಿಸಿದನು. ಕೆಲವು ಸೆರೆಮನೆಗಳಲ್ಲಿ ಆ ಚಕ್ರದಿಂದ ಧಾನ್ಯ ಬೀಸುತ್ತಿದ್ದರು, ನೀರೆತ್ತುತ್ತಿದ್ದರು. ಇನ್ನು ಕೆಲವು ಕಡೆ ಅದರಿಂದ ಏನೂ ಆಗುತ್ತಿರಲಿಲ್ಲ, ಕೈದಿಗಳು ಗಾಳಿಯನ್ನು ಬೀಸುತ್ತಿದ್ದರು. ಅಂದು ಶಿಕ್ಷೆಯಾಗಿದ್ದುದಕ್ಕೆ ಇಂದು ತಿಂಗಳ ಶುಲ್ಕ ತೆತ್ತು ಹತ್ತುತ್ತಾರೆ. ನೂರು ವರ್ಷಕ್ಕೂ ಮಿಕ್ಕಿ ಜನರು ಮಿಲ್ಲಿಗೆ ನಡೆದು ಬಂದ ನೆಲದ ಮೇಲೆ, ಈಗ ಮಿಲ್ಲಿನ ಮೇಲೆಯೇ ನಡೆಯುವವರು ವಾಸವಾಗಿದ್ದಾರೆ. ನಾವು ಇದನ್ನು ಕುಚೋದ್ಯಕ್ಕೆ ಹೇಳುತ್ತಿಲ್ಲ. ವೈದ್ಯರು ಹೇಳಿದ ಮೇಲೆ ನಡೆಯುವುದೇ ಸರಿ.

ಇಷ್ಟು ಅರ್ಥಗಳು ಬಂದು ಹೋದ ಮೇಲೆ ಬಿನ್ನಿಪೇಟೆಯಲ್ಲಿ ‘ಮಿಲ್ಲು’ ಎಂಬುದಕ್ಕೆ ಉಳಿದ ಅರ್ಥಗಳು ಎರಡು. ಒಂದು, ವಿಳಾಸ: ಆಟೋದವರಿಗೆ ‘ಬಿನ್ನಿ ಮಿಲ್’ ಎಂದರೆ ಸಾಕು, ಮಿಲ್ಲನ್ನು ಕಂಡೇ ಇಲ್ಲದ ಹುಡುಗನೂ ಸರಿಯಾದ ತಿರುವಿನಲ್ಲಿ ಇಳಿಸುತ್ತಾನೆ. ಇನ್ನೊಂದು ಎಲ್ಲಕ್ಕಿಂತ ಹಳೆಯದು. ಸುತ್ತಣ ಗಲ್ಲಿಗಳಲ್ಲಿ ಹಿಟ್ಟಿನ ಮಿಲ್ಲುಗಳು ಇನ್ನೂ ತಿರುಗುತ್ತಿವೆ. ಗೋಡೆ, ತಕ್ಕಡಿ, ಮಾಲೀಕನ ಹುಬ್ಬು ಎಲ್ಲವೂ ಬಿಳಿ. ಮೆಣಸಿನಕಾಯಿಗೂ ಸಾರಿನ ಪುಡಿಗೂ ಬೇರೆ ಯಂತ್ರ. ಅದು ಕೆಟ್ಟಿದ್ದರೆ ಖಾರದ ಹಿಂದೆ ತನ್ನ ಅಕ್ಕಿಯನ್ನು ಹಾಕಿಸಲು ಯಾರೂ ಒಪ್ಪುವುದಿಲ್ಲ. ‘ರಾಗಿ ನುಣ್ಣಗಿರಲಿ, ಅಕ್ಕಿ ಸ್ವಲ್ಪ ತರಿಯಾಗಿರಲಿ, ಚಕ್ಕುಲಿಗೆ’ ಎಂದು ಮನೆಯಿಂದ ಬಂದ ಅಪ್ಪಣೆಯನ್ನು ಮಕ್ಕಳು ಒಪ್ಪಿಸುತ್ತಾರೆ. ‘ಮೊದಲು ಬಂದವರಿಗೆ ಮೊದಲು’ ಎಂಬ ನ್ಯಾಯವು ಇಂಗ್ಲಿಷರಲ್ಲಿ ಹಿಟ್ಟಿನ ಮಿಲ್ಲಿನ ಗಾದೆಯಾಗಿ ಬಹು ಹಿಂದಿನಿಂದಲೂ ಇತ್ತು. ಹದಿನಾಲ್ಕನೆಯ ಶತಮಾನದ ಕವಿ ಚಾಸರನು ಅದನ್ನು ಬಳಸಿದ್ದಾನೆ. ಇಲ್ಲಿ ಆ ಗಾದೆ ಯಾರಿಗೂ ಗೊತ್ತಿಲ್ಲ. ಕಟ್ಟೆಯ ಮೇಲೆ ಡಬ್ಬಗಳು ಬಂದ ಕ್ರಮದಲ್ಲಿ ಸಾಲಾಗಿ ಕೂತಿರುತ್ತವೆ. ತಮ್ಮ ಡಬ್ಬವನ್ನು ಸಾಲಿನಲ್ಲಿಟ್ಟು ಅದರ ಒಡತಿಯರು ಹಾಲು ತರಲು ಹೋಗಿರುತ್ತಾರೆ.